ಬ್ಲೇಡ್ ತಿರುಗಿದರೆ ರೋಬೋ ನಿಲ್ಲುತ್ತಿತ್ತು

ನನ್ನ ಮೊದಲ ಫೈಟಿಂಗ್ ರೋಬೋಗೆ ಹಳೇ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಹಾಕಿದ್ದೆ. ಮನೆಯಲ್ಲೇ ಬಿದ್ದಿತ್ತು, ಪುಕ್ಕಟೆ! ಆದರೆ ಬ್ಲೇಡ್ ಆನ್ ಮಾಡಿದ ತಕ್ಷಣ ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್ ಆಫ್ ಆಗಿ ರೋಬೋ ನಿಂತುಬಿಡುತ್ತಿತ್ತು. ಎರಡು ದಿನ ಸುಮ್ನೆ ವೈರಿಂಗ್ ಬಿಚ್ಚಿ ಕಟ್ಟಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದರೆ, ಬ್ಲೇಡ್ ಶುರುವಾದಾಗ ವೋಲ್ಟೇಜ್ 6ಕ್ಕಿಂತ ಕೆಳಗೆ ಬೀಳುತ್ತಿತ್ತು. ಜೊತೆಗೆ 2 ಕೆಜಿಗೂ ಜಾಸ್ತಿ ತೂಕ.

ಆಮೇಲೆ ಲೆಕ್ಕ ಹಾಕಿದೆ. ಮೋಟಾರ್‌ಗಳು ಜಾಮ್ ಆದಾಗ ಎಲ್ಲ ಸೇರಿ 55 ಆಂಪಿಯರ್ ಎಳೆಯುತ್ತವೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಆಂಪಿಯರ್-ಅವರ್ ಅನ್ನು, ಅಂದರೆ ಅದರ ಸಾಮರ್ಥ್ಯವನ್ನು, ಸಿ ರೇಟಿಂಗ್‌ನಿಂದ (ಎಷ್ಟು ವೇಗವಾಗಿ ಕರೆಂಟ್ ಬಿಡಬಲ್ಲದು ಅಂತ ಹೇಳುವ ನಂಬರ್) ಗುಣಿಸಿದರೆ ಎಷ್ಟು ಕರೆಂಟ್ ಕೊಡಬಲ್ಲದು ಅಂತ ಗೊತ್ತಾಗುತ್ತದೆ. 2.2 ಆಂಪಿಯರ್-ಅವರ್, 60 ಸಿ ಬ್ಯಾಟರಿಗೆ 2.2 × 60, ಅಂದರೆ 132 ಆಂಪಿಯರ್. ಲೇಬಲ್ ಮೇಲಿನ ಸಿ ನಂಬರನ್ನು ನಾನು ಪೂರ್ತಿ ನಂಬುವುದಿಲ್ಲ. ಅರ್ಧ ಅಂದುಕೊಂಡರೂ 66, ಸಾಕಲ್ವಾ? 3 ನಿಮಿಷದ ಪಂದ್ಯಕ್ಕೆ ಸರಾಸರಿ 20 ಆಂಪಿಯರ್ ಹಿಡಿದರೆ ಖರ್ಚು 1 ಆಂಪಿಯರ್-ಅವರ್ ಮಾತ್ರ.

ಹಾಗಾಗಿ 3 ಸೆಲ್, 2200 ಎಂಎಎಚ್ (ಅದೇ 2.2 ಆಂಪಿಯರ್-ಅವರ್) ಲಿಪೋ ತಂದೆ. ತೂಕ 200 ಗ್ರಾಂ ಆಸುಪಾಸು. ಉಳಿದ ತೂಕವನ್ನು ಬ್ಲೇಡಿಗೆ ಕೊಟ್ಟೆ. ಬ್ಯಾಟರಿ ಸುತ್ತ ಫೋಮ್, ಹೊರಗೆ ಅಲ್ಯೂಮಿನಿಯಂ ಪೆಟ್ಟಿಗೆ. ಸೆಲ್ 3.3 ವೋಲ್ಟ್‌ಗೆ ಇಳಿದರೆ ನಿಲ್ಲಿಸುತ್ತೇನೆ, ಎತ್ತಿಡುವಾಗ 3.8ರಲ್ಲಿ ಇಡುತ್ತೇನೆ. ಬೆಂಕಿ ಹತ್ತೀತು ಅಂತ ಅಮ್ಮ ಮಾತ್ರ ಮನೆಯೊಳಗೆ ಚಾರ್ಜ್ ಮಾಡಲು ಬಿಡುವುದಿಲ್ಲ. ಅಂಗಳದಲ್ಲಿ, ಮರಳು ತುಂಬಿದ ಹಳೇ ಬಾಣಲೆಯ ಪಕ್ಕದಲ್ಲಿ, ಕಾವಲು ಕೂತೇ ಮಾಡುತ್ತೇನೆ.