ಅರಮನೆಯ ಕಥೆಗೆ ಕ್ಯಾಮೆರಾ ಇಡುವ ಮುನ್ನ

ಬೇಕಲ, ಚಂದ್ರಗಿರಿ, ಕುಂಬಳೆಯ ಕೋಟೆಗಳನ್ನು ನೋಡುತ್ತ ಬೆಳೆದ ಕಾಸರಗೋಡಿನ ಕನ್ನಡಿಗರು ಕೆಳದಿಯ ನಾಯಕರೆಂದೂ ಹೆಸರಾದ ಇಕ್ಕೇರಿ ಅರಸರ ಚಿತ್ರವೊಂದನ್ನು ಮಾಡಹೊರಟರೆ, ಚಿತ್ರಕಥೆಗೆ ಕೈಹಚ್ಚುವ ಮೊದಲೇ ಕಥೆ ನಡೆಯುವ ಇಸವಿಯನ್ನು ಗೊತ್ತುಮಾಡಿಕೊಳ್ಳಬೇಕು. ಉಡುಗೆ, ಅಡುಗೆ, ಮಾತು, ರಾಜಧಾನಿ ಎಲ್ಲವೂ ಆ ಇಸವಿಯನ್ನೇ ಹಿಡಿದು ನಿರ್ಧಾರವಾಗುತ್ತವೆ. ಆ ವಂಶದ ಶಿವಪ್ಪ ನಾಯಕನ ಕಾಲದಲ್ಲಿ (1645–1660) ಆಸ್ಥಾನವಿದ್ದದ್ದು ಬಿದನೂರಿನಲ್ಲಿ. ಕೆಳದಿಯೂ ಇಕ್ಕೇರಿಯೂ ಅಷ್ಟರಲ್ಲಿ ಹಿಂದಿನ ರಾಜಧಾನಿಗಳಾಗಿದ್ದವು.

ಚಿತ್ರೀಕರಣಕ್ಕೆ ಬೇಕಲವನ್ನು ಆರಿಸಿಕೊಳ್ಳುವವರು ಅದು ಸೈನ್ಯದ ನೆಲೆಯಾಗಿತ್ತೆಂಬುದನ್ನು ನೆನಪಿಡಬೇಕು. ಮುರಕಲ್ಲಿನ ಆ ಗೋಡೆಗಳೊಳಗೆ ಅರಮನೆಯ ಅವಶೇಷವಿಲ್ಲ. ಕಾವಲುಗಾರರ, ಮದ್ದುಗುಂಡಿನ, ಕಡಲ ಮೇಲಣ ಕಣ್ಗಾವಲಿನ ದೃಶ್ಯಗಳು ಅಲ್ಲಿ ಒಪ್ಪುತ್ತವೆ, ಸಿಂಹಾಸನ ಒಪ್ಪುವುದಿಲ್ಲ.

ಹೆಚ್ಚು ಎಡವುವುದು ಉಡುಗೆಯಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಾದ ನಮಗೆ ರಾಜನೆಂದೊಡನೆ ಕಣ್ಣಮುಂದೆ ಬರುವುದು ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕ. ಅವು ಪುರಾಣದ ಪಾತ್ರಗಳಿಗಾಗಿ ರಂಗಭೂಮಿ ರೂಪಿಸಿಕೊಂಡ ಸೊಗಸಾದ ವೇಷಗಳೇ ಹೊರತು ಯಾವ ಅರಸನ ದಿನನಿತ್ಯದ ಉಡುಗೆಗೂ ಸಾಕ್ಷಿಯಲ್ಲ. ಸಾಕ್ಷಿ ಬೇಕೆಂದರೆ ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ನೋಡಬೇಕು. ವಿಜಯನಗರದ ಗಣ್ಯರು ಕುಲ್ಲಾಯಿ ಎಂಬ ಎತ್ತರದ ಟೋಪಿ ಧರಿಸಿ ನಿಂತಿರುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಚಿತ್ರಗಳು 16ನೇ ಶತಮಾನದವು. ಅವನ್ನು ಶಿವಪ್ಪ ನಾಯಕನ ಮೇಲೆ ಹಾಗೆಯೇ ಹೊದಿಸಿದರೆ ನೂರು ವರ್ಷದ ಅಂತರ ಮರೆತಂತಾಗುತ್ತದೆ. ಆದ್ದರಿಂದ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳನ್ನು ಜೊತೆಗಿಟ್ಟುಕೊಂಡು ಓದಬೇಕು. ಕಣ್ಣಾರೆ ಕಂಡವನ ಒಂದು ಸಾಲು, ನನ್ನ ಮಟ್ಟಿಗೆ, ನಂತರದ ಹತ್ತು ಊಹೆಗಳಿಗಿಂತ ಮೇಲು. ಇಕ್ಕೇರಿಯ ಅರಸರು ವೀರಶೈವರಾಗಿದ್ದುದರಿಂದ ಹಣೆಯಲ್ಲಿ ವಿಭೂತಿಯೂ ಮೈಮೇಲೆ ಇಷ್ಟಲಿಂಗವೂ ಇರಲೇಬೇಕು, ಅವರ ಪಂಕ್ತಿಯಲ್ಲಿ ಮಾಂಸದ ಅಡುಗೆ ಇರಬಾರದು.

ಪಾಕಶಾಲೆಯ ದೃಶ್ಯದಲ್ಲಿ ಟೊಮೆಟೊ, ಆಲೂಗಡ್ಡೆ ಕಾಣಿಸದಿರಲಿ. ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿ 17ನೇ ಶತಮಾನದ ಕರಾವಳಿಗೆ ಹೊಂದೀತು. ಪೋರ್ಚುಗೀಸರು ಬರುವ ಮೊದಲೇ ವಿಜಯನಗರವನ್ನು ಆಳಿದ ಮೊದಲನೆಯ ದೇವರಾಯನ ಕಥೆಯಾದರೆ ಖಾರಕ್ಕೆ ಕಾಳುಮೆಣಸೇ ಗತಿ. ದೂತನು ಕಾಗದದ ಸುರುಳಿ ಬಿಚ್ಚಿ ಓದುವ ದೃಶ್ಯ ನಮ್ಮ ಚಿತ್ರಗಳಲ್ಲಿ ಬೇರೂರಿಬಿಟ್ಟಿದೆ. ಅದರ ಬದಲು ಕಂಠವೆಂಬ ಲೋಹದ ಬರೆಗೋಲಿನಿಂದ ಕೊರೆದ ಓಲೆಗರಿಯನ್ನೋ, ಹುಣಿಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತವನ್ನೋ ತೋರಿಸಿದರೆ ಆಸ್ಥಾನದ ಕರಣಿಕರ ಕೆಲಸಕ್ಕೆ ಜೀವ ಬರುತ್ತದೆ.

ಮಾತಿನ ವಿಷಯದಲ್ಲಿ ನಮ್ಮ ನಾಡಿನವರಿಗೆ ಒಂದು ಅನುಕೂಲವಿದೆ. ಆಸ್ಥಾನದಲ್ಲಿ ಕನ್ನಡವಿದ್ದರೂ ಕುಂಬಳೆಯ ಸಂತೆಯಲ್ಲಿ ತುಳು, ಮಲಯಾಳ, ಕೊಂಕಣಿಗಳೂ ಕೇಳಿಬರಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲರ ಬಾಯಲ್ಲೂ ಒಂದೇ ಗ್ರಾಂಥಿಕ ಕನ್ನಡ ಹಾಕುವುದು ಕಾಸರಗೋಡಿಗೆ ಮಾಡುವ ಅನ್ಯಾಯ.

ಘಟನೆಗಳನ್ನು ಹೆಣೆಯುವಾಗ ಪಾತ್ರಗಳ ಆಯುಷ್ಯವನ್ನು ಇಸವಿಯೊಡನೆ ತಾಳೆ ನೋಡಬೇಕು. ಕೆಳದಿ ಚೆನ್ನಮ್ಮ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು 1689ರಲ್ಲಿ, ಆತನ ತಂದೆ ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಹಾಗಾಗಿ ಶಿವಾಜಿಯೇ ಮಗನನ್ನು ಆಕೆಯ ಬಳಿಗೆ ಕಳುಹಿಸುವ ದೃಶ್ಯ ಎಷ್ಟೇ ಮನಮುಟ್ಟುವಂತಿದ್ದರೂ ಕೈಬಿಡಬೇಕು. ಆಶ್ರಯ ಕೇಳಿ ಬಂದವನನ್ನು ಮುಂದಿಟ್ಟುಕೊಂಡು ರಾಣಿಯೂ ಮಂತ್ರಿಗಳೂ ಆಡಿದ ಮಾತುಗಳನ್ನು ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಚಿತ್ರಕಾರನಿಗೆ ಇದ್ದೇ ಇದೆ. ಯಾವ ಸಂಭಾಷಣೆ, ಯಾವ ಪಾತ್ರ ಕಲ್ಪಿತವೆಂಬುದನ್ನು ಚಿತ್ರದ ಕೊನೆಯಲ್ಲಿ ಸ್ಪಷ್ಟವಾಗಿ ಬರೆದು ತೋರಿಸಬೇಕು.