ಗದ್ದಿ ಕಪ್ಪಿ ಎಣಿಸೋದು ಹೆಂಗ, ಜೊತಿಗೆ ನೀರು ನೋಡೋದು ಹೆಂಗ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಯಾರನ್ನ ಕೇಳಿದ್ರೂ ಒಂದೇ ಮಾತು, ಮೊದಲಿನಂಗ ಈಗ ಕಪ್ಪಿ ಒದರಂಗಿಲ್ಲ, ಎಣ್ಣಿ (ಕೀಟನಾಶಕ, ಕಳೆನಾಶಕ) ಹೊಡದು ಹೊಡದು ಎಲ್ಲಾ ಸತ್ತು ಹೋದ್ವು ಅಂತಾರ. ಇರಬಹುದು. ಆದ್ರ ಮೊದಲು ಎಷ್ಟಿದ್ವು ಅಂದ್ರ ಯಾರ ಹತ್ರನೂ ಲೆಕ್ಕ ಇಲ್ಲ, ಅದಕ್ಕ ಅದು ಕಟ್ಟಿ ಮ್ಯಾಲಿನ ಮಾತಾಗೇ ಉಳೀತೈತಿ. ಲೆಕ್ಕ ಇಡಾಕ ದೊಡ್ಡ ಡಿಗ್ರಿ ಬ್ಯಾಡ, ಒಂದು ನೋಟ್‌ಬುಕ್ಕು, ಟಾರ್ಚು, ಮೊಬೈಲು, ಗಂಬೂಟು ಇದ್ರ ಆತು.

ಕಪ್ಪೀನೇ ಯಾಕಂದ್ರ ಅದು ನೀರನ್ನ ಚರ್ಮದಿಂದಾನೇ ಎಳಕೊಳ್ಳೋ ಪ್ರಾಣಿ, ಉಸಿರೂ ಒಂದಷ್ಟು ಚರ್ಮದಿಂದಾನೇ, ಹಂಗಾಗಿ ನೀರಾಗ ಏನೈತೋ ಅದು ಸೀದಾ ಮೈಯೊಳಗ. ಗೊದಮೊಟ್ಟಿ ಅಂತೂ ಆ ಹೊಂಡ ಬಿಟ್ಟು ಎಲ್ಲೂ ಹೋಗಂಗಿಲ್ಲ. ಅಮೆರಿಕದ ರಿಕ್ ರೆಲ್ಯಾ ಅನ್ನೋ ಪರಿಸರ ವಿಜ್ಞಾನಿ ದೊಡ್ಡ ದೊಡ್ಡ ನೀರಿನ ತೊಟ್ಟಿಯೊಳಗ ಸಣ್ಣ ಕೆರಿ ಥರ ಮಾಡಿ, ಅದಕ್ಕ ರೌಂಡಪ್ ಕಳೆನಾಶಕ ಹಾಕಿ ನೋಡಿದ್ರು, ಮೂರು ವಾರದಾಗ 96ರಿಂದ 100 ಪರ್ಸೆಂಟ್ ಗೊದಮೊಟ್ಟಿ ಸತ್ತಿದ್ವು ಅಂತ 2005ರಾಗ ಬರದ್ರು. ಡೋಸ್ ಜಾಸ್ತಿ ಆತು ಅಂತ ಕಂಪ್ನಿಯವ್ರು ತಕರಾರು ತೆಗದ್ರು, ಅದು ಬ್ಯಾರೆ. ನಮಗ ಮುಖ್ಯ ಏನಂದ್ರ, ರೌಂಡಪ್‌ನ್ಯಾಗ ಕಳೆ ಕೊಲ್ಲೋ ಗ್ಲೈಫೋಸೇಟ್‌ಗಿಂತ, ಎಣ್ಣಿ ಎಲಿಗೆ ಅಂಟಲಿ ಅಂತ ಬೆರಸಿರೋ ಸೋಪಿನಂಥ ವಸ್ತುನೇ ಗೊದಮೊಟ್ಟಿಗೆ ಹೆಚ್ಚು ವಿಷ ಅಂತ ಬ್ಯಾರೆ ಅಧ್ಯಯನದಾಗ ಬಂದೈತಿ. ಈ ಮಾತು ನೆನಪಿಟ್ಕೊಳ್ರಿ, ಮುಂದ ಲೇಬಲ್ ವಿಷಯಕ್ಕ ಬೇಕಾಗ್ತೈತಿ.

ಮೊದಲು ಜಾಗ. ಹತ್ತಾರು ಬ್ಯಾಡ, ನಾಕು ಸಾಕು, ಆದ್ರ ನಾಕೂ ಬ್ಯಾರೆ ಬ್ಯಾರೆ ನಮೂನಿ ಇರ್ಲಿ. ಒಂದು ನೆಲ್ಲು ಹಚ್ಚಿರೋ ಗದ್ದಿ ಬದು, ಒಂದು ಆ ಗದ್ದಿ ನೀರು ಹೊರಗ ಹೋಗೋ ಬಸಿಗಾಲುವಿ, ಒಂದು ಕೃಷಿ ಹೊಂಡ, ಇನ್ನೊಂದು ಕಾಲುವಿ ನೀರು ಹಾಯಲಾರದ, ಬರೀ ಮಳಿ ನೀರು ನಿಲ್ಲೋ ತೆಗ್ಗು. ಈ ತೆಗ್ಗು ಭಾಳ ಮುಖ್ಯರಿ, ಅದಿಲ್ಲಂದ್ರ ಹೋಲಿಸಾಕ ಏನೂ ಇರಂಗಿಲ್ಲ. ಗದ್ಯಾಗ ಕಪ್ಪಿ ಕಡಿಮಿ ಇದ್ದು ತೆಗ್ಗಿನ್ಯಾಗೂ ಕಡಿಮಿ ಇದ್ರ ಮಳೀನೇ ಕೈಕೊಟ್ಟಿರಬಹುದು, ಎಣ್ಣಿ ಮ್ಯಾಲೆ ಹಾಕಾಕ ಬರಂಗಿಲ್ಲ.

ಟೈಮು. ಮಿರಗದ ಮಳಿ ಜೋರು ಬಿದ್ದ ರಾತ್ರಿನೇ ಶುರು ಮಾಡ್ರಿ. ಬುಲ್ ಫ್ರಾಗ್ ಅಂತಾರಲ್ಲ, ದೊಡ್ಡದು, ಗಂಡು ಆ ಹೊತ್ತಿಗೆ ಅರಿಶಿಣ ಬಳಕೊಂಡಂಗ ಹಳದಿ ಆಗಿ ಗಂಟಲ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಒದರ್ತೈತಿ, ಅದು ಮೊದಲಿನ ಜೋರು ಮಳ್ಯಾಗ ಕೆಲವೇ ರಾತ್ರಿ, ಆಮ್ಯಾಲೆ ಹುಡುಕಿದ್ರೂ ಸಿಗೋದು ಕಷ್ಟ. ಆಮೇಲೆ ತುಂಗಭದ್ರಾ ಡ್ಯಾಮಿನಿಂದ ಎಡದಂಡೆ ಕಾಲುವಿಗೆ ನೀರು ಬಿಟ್ಟು ನಾಟಿ ಆದಾಗ ಇನ್ನೊಂದು ಸುತ್ತು. ನಡುವ ವಾರಕ್ಕೊಮ್ಮೆ. ಹೊತ್ತು ಮುಳುಗಿ ಅರ್ಧ ತಾಸು ಆದಮ್ಯಾಲೆ ಹೋಗ್ರಿ, ನೀವು ನಡೆದ ಸಪ್ಪಳಕ್ಕ ಎಲ್ಲಾ ಸುಮ್ಮನಾಗ್ತಾವ, ಎರಡು ನಿಮಿಷ ಟಾರ್ಚ್ ಆರಿಸಿ ನಿಂತು, ಆಮ್ಯಾಲೆ ಐದು ನಿಮಿಷ ಬರೀ ಕೇಳ್ರಿ.

ಎಷ್ಟು ಅದಾವ ಅಂತ ಎಣಿಸಾಕ ಹೋದ್ರ ತಲಿ ಕೆಡ್ತೈತಿ. ಸುಲಭದ್ದು: ಏನೂ ಕೇಳಲಿಲ್ಲ ಅಂದ್ರ 0, ಒಂದೊಂದೇ ಬಿಡಿ ಬಿಡಿಯಾಗಿ ಕೇಳಿದ್ರ 1, ಒಂದರ ಮ್ಯಾಲೊಂದು ಬಿದ್ರೂ ಅಂದಾಜು ಎಣಿಸಬಹುದು ಅಂದ್ರ 2, ಎಲ್ಲಾ ಕೂಡಿ ಗದ್ದಲ ಆಗಿ ಎಣಿಸಾಕ ಬರಲಿಲ್ಲ ಅಂದ್ರ 3. ಉತ್ತರ ಅಮೆರಿಕದ ಕಪ್ಪಿ ಸರ್ವೆಯವ್ರು ಇದನ್ನೇ ಬಳಸ್ತಾರ. ಪ್ರತಿ ಜಾತಿಗೆ ಬ್ಯಾರೆ ನಂಬರು. ಜಾತಿ ಗೊತ್ತಾಗ್ಲಿಲ್ಲ ಅಂದ್ರ ಮೊಬೈಲ್‌ನ್ಯಾಗ ಒಂದು ನಿಮಿಷ ರೆಕಾರ್ಡ್ ಮಾಡ್ರಿ, ಹೆಸರು ಆಮ್ಯಾಲೆ ಹುಡುಕಿದ್ರಾತು. ಮತ್ತ ಒಂದು ಮಾತು, 0 ಬಂದ ರಾತ್ರೀನೂ ಬರೀಲೇಬೇಕು. ಭಾಳ ಮಂದಿ ಇದನ್ನ ಬಿಡ್ತಾರ, ಕಪ್ಪಿ ಸಿಕ್ಕ ದಿನದ ಚಂದ ಚಂದ ಫೋಟೋ ಇರ್ತಾವ, ಸಿಗದ ದಿನದ ಲೆಕ್ಕ ಇರಂಗಿಲ್ಲ, ಅದರಿಂದ ಕಡಿಮಿ ಆತೋ ಹೆಚ್ಚಾತೋ ಹೇಳಾಕಾಗಂಗಿಲ್ಲ.

ಹುಷಾರಿ ವಿಷಯ. ಬದುವಿನ ಮ್ಯಾಲೆ ಕೊಳಕಮಂಡಲ ಇರ್ತೈತಿ, ಅದು ಹೆಚ್ಚಾಗಿ ಇಲಿಗೆ ಬಂದಿರ್ತೈತಿ, ಗಂಬೂಟ್ ಇಲ್ಲದ ಹೋಗಬ್ಯಾಡ್ರಿ. ಮೋಟರ್ ವೈರು ಎಲ್ಲೆಲ್ಲಿ ಬಿದ್ದಾವ ಹಗಲೊತ್ತೇ ನೋಡಿಟ್ಕೊಳ್ರಿ. ಹೊಲದ ಮಾಲಕರಿಗೆ ಮೊದಲೇ ಹೇಳ್ರಿ, ರಾತ್ರಿ ಪಂಪ್‌ಸೆಟ್ ಹತ್ರ ಟಾರ್ಚ್ ಬೆಳಕು ಕಂಡ್ರ ಕೇಬಲ್ ಕಳ್ಳರು ಅಂತ ಬಡಿಗಿ ತಗೊಂಡು ಬರ್ತಾರ.

ಕಪ್ಪಿ ಹಿಡಿಯೋದು ಬ್ಯಾಡ. 1972ರ ವನ್ಯಜೀವಿ ಕಾಯ್ದೆ ಐತಿ, ಅಧ್ಯಯನಕ್ಕಂತ ಹಿಡೀಬೇಕಂದ್ರೂ ಅರಣ್ಯ ಇಲಾಖೆ ಪರ್ಮಿಷನ್ ಬೇಕು. ಗೊದಮೊಟ್ಟಿ ನೋಡಾಕ ಹಿಡಿಯೋ ಜರೂರೇ ಇಲ್ಲ, ಬಿಳಿ ಪ್ಲಾಸ್ಟಿಕ್ ಪ್ಲೇಟಿಗೆ ಕಲ್ಲು ಕಟ್ಟಿ ದಾರದಿಂದ ನೀರಿಗೆ ಇಳಿಸಿ ಸ್ವಲ್ಪ ಹೊತ್ತು ಸುಮ್ಮನ ಕುಂದರ್ರಿ, ಬಿಳಿ ಮ್ಯಾಲೆ ಹಾಯ್ದಾಗ ಕಾಣ್ತಾವ. ಕಾಲು ಮೂಡ್ಯಾವೋ ಇಲ್ಲೋ ಅಂತ ಬರೀರಿ. ವಾರ ವಾರ ಸಣ್ಣವೇ ಕಂಡು ಕಾಲು ಬಂದವು ಒಂದೂ ಕಾಣಲಿಲ್ಲ ಅಂದ್ರ ನಡುವ ಏನೋ ಆಗೇತಿ ಅಂತ. ಆದ್ರ ಬುಲ್ ಫ್ರಾಗಿನ ಮರಿ ಬ್ಯಾರೆ ಗೊದಮೊಟ್ಟೀನ ತಿಂತಾವ, ನೀರು ಬತ್ತಿದ್ರೂ ಸಾಯ್ತಾವ, ಅವನ್ನೂ ನೋಡ್ರಿ. ಅದೇ ಪ್ಲೇಟು ಎಷ್ಟು ಆಳಕ್ಕ ಹೋದ್ರ ಕಾಣದಂಗಾಗ್ತೈತಿ ಅಂತ ದಾರ ಅಳದು ಬರದ್ರ ನೀರು ಎಷ್ಟು ರಾಡಿ ಅನ್ನೋದೂ ಸಿಕ್ತು.

ಇನ್ನ ನೀರು. ನೀರಾಗ ಕರಗಿರೋ ಉಪ್ಪಿನಂಶ ಎಷ್ಟು ಅಂತ ತೋರಿಸೋ ಟಿಡಿಎಸ್ ಮೀಟರ್ ತಗೊಳ್ರಿ, ಅಗ್ಗದ್ದು ಸಾಕು, ನಮ್ಮ ಕಡೆ ಅದು ಕೆಲಸಕ್ಕ ಬರ್ತೈತಿ ಯಾಕಂದ್ರ ಕೆಳಭಾಗದ ಹೊಲ ಸವಳು ಜವಳು ಆಗ್ಯಾವ, ಬಸಿಗಾಲುವ್ಯಾಗ ಉಪ್ಪಿನಂಶ ಏರ್ತೈತಿ, ಉಪ್ಪು ಕಪ್ಪಿ ಮೊಟ್ಟಿಗೆ ಆಗಿ ಬರಂಗಿಲ್ಲ. ಮೀನಿನ ತೊಟ್ಟಿ ಅಂಗಡ್ಯಾಗ ಸಿಗೋ ಅಮೋನಿಯಾ ಕಿಟ್ಟು, ಪಿಎಚ್ ಪಟ್ಟಿನೂ ಇರ್ಲಿ. ಯೂರಿಯಾ ಹಾಕಿದ ಮ್ಯಾಲೆ ಅಮೋನಿಯಾ ನೋಡ್ರಿ, ಪಿಎಚ್ ಮತ್ತ ಬಿಸಿಲು ಎರಡೂ ಏರಿದ್ರ ಅದೇ ಅಮೋನಿಯಾ ಹೆಚ್ಚು ವಿಷ ಆಗ್ತೈತಿ. ಅಳತಿ ಯಾವಾಗ್ಲೂ ಒಂದೇ ಹೊತ್ತಿಗೆ ತಗೊಳ್ರಿ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಆದ್ರ ಹೋಲಿಸಾಕ ಬರಂಗಿಲ್ಲ.

ಕೀಟನಾಶಕ ಮಾತ್ರ ಇವ್ಯಾವುದ್ರಾಗೂ ಕಾಣಂಗಿಲ್ಲ, ಟಿಡಿಎಸ್ ಚಲೋ ಬಂತು ಅಂದ್ರ ನೀರು ಚಲೋ ಅಂತಲ್ಲ. ಅದಕ್ಕ ಇರೋ ಉಪಾಯ ಅಂದ್ರ ಎಣ್ಣಿ ಹೊಡೆದ ತಾರೀಖು ಕೇಳಿ ಬರಕೊಳ್ಳೋದು, ಖಾಲಿ ಬಾಟ್ಲಿ ಬದುವಿನ ಮ್ಯಾಲೇ ಬಿದ್ದಿರ್ತಾವ, ಮುಟ್ಟದ ಲೇಬಲ್ ಫೋಟೋ ತಗೊಳ್ರಿ. ಬ್ರ್ಯಾಂಡ್ ಹೆಸರಷ್ಟೇ ಅಲ್ಲ, ಕೆಳಗ ಸಣ್ಣಕ್ಷರದಾಗ ಇರೋ ಟೆಕ್ನಿಕಲ್ ಹೆಸರೂ ಬೇಕು, ಮೊದಲು ಹೇಳಿದಂಗ ಬೆರಸಿರೋ ವಸ್ತುನೂ ವಿಷ ಇರಬಹುದು, ಅದಕ್ಕ ಪೂರ್ತಿ ಲೇಬಲ್ ಫೋಟೋದಾಗ ಬರ್ಲಿ. ಮೆಕ್ಕೆಜೋಳದ ಹೊಲ ಇದ್ರ ಅಟ್ರಜಿನ್ ಅನ್ನೋ ಕಳೆನಾಶಕ ಐತೇನು ನೋಡ್ರಿ, ಟೈರೋನ್ ಹೇಯ್ಸ್ ಅನ್ನೋ ಅಮೆರಿಕದ ವಿಜ್ಞಾನಿ 2010ರಾಗ ಲ್ಯಾಬಿನ್ಯಾಗ ತೋರಿಸಿದ್ರು, ನೂರು ಕೋಟಿಗೆ ಎರಡೂವರೆ ಭಾಗದಷ್ಟು ಅಟ್ರಜಿನ್ ಇರೋ ನೀರಾಗ ಬೆಳೆದ ಗಂಡು ಕಪ್ಪಿಗಳಾಗ ಹತ್ತರಾಗ ಒಂದು ಹೆಣ್ಣಾಗಿ ಮೊಟ್ಟಿ ಇಟ್ಟಿದ್ವು. ಅದು ಆಫ್ರಿಕಾದ ಜಾತಿ, ನಮ್ಮ ಕಪ್ಪಿಗೂ ಹಿಂಗೇ ಆಗ್ತೈತಿ ಅಂತ ಅದರಿಂದ ಹೇಳಾಕ ಬರಂಗಿಲ್ಲ. ಒಮ್ಮೆಲೇ ರಾಶಿ ಸತ್ತು ತೇಲಿದ್ರ ಅದೇ ದಿನ ಗಾಜಿನ ಬಾಟ್ಲ್ಯಾಗ ನೀರು ತುಂಬಿ, ಬೆಳಕು ಬೀಳದಂಗ ಸುತ್ತಿ, ಐಸ್‌ನ್ಯಾಗ ಇಟ್ಟು ಲ್ಯಾಬಿಗೆ ಒಯ್ಯಬೇಕು, ರಾಯಚೂರು ಕೃಷಿ ವಿವಿಯೊಳಗ ಕೀಟನಾಶಕ ಶೇಷ ಪರೀಕ್ಷೆ ಲ್ಯಾಬ್ ಐತಿ, ಮೊದಲು ಫೋನ್ ಹಚ್ಚಿ ಬಾಟ್ಲಿ ಎಂಥದ್ದಿರಬೇಕು ಅಂತ ಕೇಳಿ ಹೋಗ್ರಿ.

ಒಂದು ಜಾಗದಿಂದ ಇನ್ನೊಂದಕ್ಕ ಹೋಗೋ ಮುಂದ ಬೂಟು ತಿಕ್ಕಿ ರಾಡಿ ತೆಗೀರಿ, ಮನಿಗೆ ಬಂದು ಬಿಸಿಲಿಗೆ ಪೂರ್ತಿ ಒಣಗಿಸ್ರಿ, ಕಪ್ಪಿಗೆ ಬರೋ ಕೈಟ್ರಿಡ್ ಅನ್ನೋ ಬೂಷ್ಟು ರೋಗ ಹಸಿ ಬೂಟಿನ್ಯಾಗ ಊರೂರು ತಿರುಗಬಹುದು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಾಗ ಬಿದ್ದ ಕಪ್ಪಿಗೆ ಜಾರಿ ಮ್ಯಾಲೆ ಬರಾಕಾಗಂಗಿಲ್ಲ, ಮಾಲಕರನ್ನ ಕೇಳಿ ಒಂದು ಗೋಣಿಚೀಲ ಇಳಿಬಿಡ್ರಿ. ಫೋಟೋ, ಆಡಿಯೋ ಐನ್ಯಾಚುರಲಿಸ್ಟ್‌ಗೆ (ಕಂಡ ಪ್ರಾಣಿ, ಗಿಡ ಎಲ್ಲಾರೂ ದಾಖಲಿಸೋ ವೆಬ್‌ಸೈಟು) ಹಾಕ್ರಿ, ಆದ್ರ ಬುಲ್ ಫ್ರಾಗ್ ಇದ್ರ ಲೊಕೇಶನ್ ಮಸುಕು ಮಾಡೋ ಆಪ್ಷನ್ ಒತ್ತಿ ಹಾಕ್ರಿ. ಕಪ್ಪಿ ಕಾಲಿನ ಎಕ್ಸ್‌ಪೋರ್ಟು 1987ರಾಗೇ ಬಂದ್ ಆಗಿದ್ರೂ ತಿನ್ನಾಕ ಹಿಡಿಯೋರು ಇನ್ನೂ ಇದ್ದಾರ.