ಪ್ಯಾಡಲ್ ಸರದಿಯಲ್ಲಿಡಿ, ಆಮೇಲೆ ಆಟ: ಸಿಯಾಟಲ್‌ಗೆ ಹೊಸದಾಗಿ ಬಂದವರಿಗೆ

ಮಳೆ ನಿಂತು ನಾಲ್ಕು ದಿನ ಬಿಸಿಲು ಬಿತ್ತೆಂದರೆ ಬೆಲ್‌ವ್ಯೂ, ರೆಡ್ಮಂಡ್ ಕಡೆಯ ಪಾರ್ಕುಗಳಲ್ಲಿ ಟಕ್ ಟಕ್ ಸದ್ದು ಶುರು. ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್ಟಿನಾಚೆ ಹೊಡೆಯುವ ಪಿಕಲ್‌ಬಾಲ್ ಹುಟ್ಟಿದ್ದೂ ಇಲ್ಲೇ, ಸಿಯಾಟಲ್‌ನಿಂದ ಫೆರಿ ಹತ್ತಿದರೆ ಸಿಗುವ ಬೇನ್‌ಬ್ರಿಡ್ಜ್ ದ್ವೀಪದಲ್ಲಿ, 1965ರಲ್ಲಿ. 2022ರಿಂದ ಇದು ವಾಷಿಂಗ್ಟನ್ ರಾಜ್ಯದ ಅಧಿಕೃತ ಆಟ. ಕೋರ್ಟು 20 ಅಡಿ ಅಗಲ, 44 ಅಡಿ ಉದ್ದ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದೇ ಅಳತೆ. ಊರಲ್ಲಿ ಶಟಲ್ ಆಡಿ ಬಂದವರಿಗೆ ಎರಡು ವಾರದಲ್ಲಿ ಕೈ ಕುದುರುತ್ತದೆ. ಎಡವುವುದು ಬೇರೆ ಕಡೆ.

ಬೆಂಗಳೂರಿನಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೋರ್ಟ್ ಬುಕ್ ಮಾಡಿ, ನಮ್ಮ ನಾಲ್ಕು ಜನವೇ ಆಡಿ ಬರುವ ಅಭ್ಯಾಸ ನಮಗೆ. ಇಲ್ಲಿನ ಓಪನ್ ಪ್ಲೇಯಲ್ಲಿ ಕೋರ್ಟು ಯಾರ ಬುಕಿಂಗೂ ಅಲ್ಲ. ಬೇಲಿಗೆ ಸಿಕ್ಕಿಸಿದ ಸ್ಟ್ಯಾಂಡಿನಲ್ಲಿ ನಿಮ್ಮ ಪ್ಯಾಡಲ್ ಇಡುತ್ತೀರಿ, ಅದೇ ನಿಮ್ಮ ಸರದಿ. ಆಟ 11 ಪಾಯಿಂಟಿಗೆ, ಎರಡರ ಅಂತರದಲ್ಲಿ ಗೆಲ್ಲಬೇಕು. ಜನ ಕಾಯುತ್ತಿದ್ದರೆ ಕೆಲವು ಕಡೆ ನಾಲ್ವರೂ ಹೊರಗೆ, ಕೆಲವು ಕಡೆ ಗೆದ್ದವರು ಉಳಿದು ಜೋಡಿ ಒಡೆಯುತ್ತಾರೆ. ಗೇಟಿನ ಬೋರ್ಡು ಓದಿ, ಇಲ್ಲದಿದ್ದರೆ ಪಕ್ಕದವರನ್ನು ಕೇಳಿ.

ಇನ್ನೂ ಪಾರ್ಕಿಂಗ್ ಹುಡುಕುತ್ತಿರುವ ಗೆಳೆಯನ ಹೆಸರಲ್ಲಿ ಪ್ಯಾಡಲ್ ಇಡಬೇಡಿ. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಅದು; ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ನೋಡಿರುತ್ತಾರೆ. ಮುಂದಿನ ಸರದಿಯಲ್ಲಿ ವಯಸ್ಸಾದವರೋ ಹೊಸಬರೋ ಇದ್ದಾರೆಂದು ನಿಮ್ಮ ಪ್ಯಾಡಲನ್ನು ಮೆಲ್ಲಗೆ ಹಿಂದಕ್ಕೆ ಸರಿಸುವುದು ಇದಕ್ಕಿಂತ ಕೆಟ್ಟದ್ದು. ಕನ್ನಡದವರು ನಾಲ್ವರು ಸೇರಿದಾಗ ಒಂದು ಆಟ ಒಟ್ಟಿಗೆ ಆಡಿ, ಬೇಡ ಅನ್ನುವುದಿಲ್ಲ. ಆಮೇಲೆ ಬೆರೆಯಿರಿ. ಬೆಳಗ್ಗೆಯಿಡೀ ಒಂದೇ ಗುಂಪು ಅಂಟಿಕೊಂಡಿದ್ದರೆ ಒಂಟಿಯಾಗಿ ಬಂದವರಿಗೆ ಜಾಗವೇ ಸಿಗುವುದಿಲ್ಲ.

ಇನ್ನು ಗೆರೆಯ ವಿಷಯ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ತಂಡದವನೇ ಅಂಪೈರ್, ಎದುರಿನವರು ಕಿರುಚಿ ಔಟ್ ಪಡೆಯಬೇಕು. ಇಲ್ಲಿ ನಿಮ್ಮ ಕಡೆ ಬಿದ್ದ ಚೆಂಡಿಗೆ ನೀವೇ ಅಂಪೈರ್, ಅನುಮಾನ ಬಂದರೆ ಲಾಭ ಎದುರಿನವರಿಗೆ. ಮೊದಲ ತಿಂಗಳು ನಾನೊಮ್ಮೆ ಹಿಂದಿನ ಗೆರೆಯ ಚೆಂಡಿಗೆ ಜೋರಾಗಿ ಔಟ್ ಅಂದೆ. ಪಾರ್ಟ್ನರ್ ಆಗಿದ್ದ ಎಪ್ಪತ್ತರ ಅಜ್ಜಿ ಪ್ಯಾಡಲ್ ತುದಿಯನ್ನು ಗೆರೆ ಮೇಲಿಟ್ಟು, ‘ಇಲ್ಲಿ ಬಿತ್ತು’ ಅಂದರು. ನಮ್ಮವರೇ ನಮ್ಮ ವಿರುದ್ಧ! ಸಿಟ್ಟು ಬಂತು. ಆಮೇಲೆ ತಿಳಿಯಿತು: ಜೋಡಿಯಲ್ಲಿ ಒಬ್ಬರು ಇನ್, ಇನ್ನೊಬ್ಬರು ಔಟ್ ಅಂದರೆ ಅದು ಇನ್. ಗೆರೆಗೆ ತಾಗಿದ್ದೂ ಇನ್. ಸರ್ವ್ ಮಾತ್ರ ಕಿಚನ್ ಗೆರೆ ಮೇಲೆ ಬಿದ್ದರೆ ತಪ್ಪು.

ನೆಟ್ಟಿನ ಎರಡೂ ಕಡೆ ಏಳೇಳು ಅಡಿ ಜಾಗವೇ ಈ ಕಿಚನ್. ಮಡಿ ಅಡುಗೆಮನೆ ಅಂದುಕೊಳ್ಳಿ: ಚೆಂಡು ಪುಟಿಯುವ ಮೊದಲೇ ಹೊಡೆಯಬೇಕಾದರೆ ಕಾಲು ಹೊರಗಿರಬೇಕು. ಶಟಲ್ ಆಡಿದವರು ಸ್ಮ್ಯಾಶ್ ಹೊಡೆದ ರಭಸಕ್ಕೆ ಒಳಗೆ ನುಗ್ಗುತ್ತಾರೆ. ಚೆಂಡು ಆಗಲೇ ಎದುರಿನ ಬೇಲಿ ಸೇರಿದ್ದರೂ ಅದು ಫಾಲ್ಟ್. ಯಾರೂ ನೋಡಲಿಲ್ಲವೆಂದು ಸುಮ್ಮನಿರಬೇಡಿ, ನೀವೇ ಹೇಳಿ.

ಸರ್ವ್‌ಗೆ ಮೊದಲು ಸ್ಕೋರಿನ ಮೂರೂ ಅಂಕಿಗಳನ್ನು (ನಿಮ್ಮ ಪಾಯಿಂಟು, ಎದುರಿನವರ ಪಾಯಿಂಟು, ಜೋಡಿಯಲ್ಲಿ ನೀವು ಒಂದನೇ ಸರ್ವರೋ ಎರಡನೆಯವರೋ) ಕೇಳುವ ಹಾಗೆ ಕೂಗಿ. ಆಟ ಶುರುವಾಗುವುದೇ ಜೀರೋ-ಜೀರೋ-ಟೂ ಇಂದ. ನಿಮ್ಮ ಚೆಂಡು ಪಕ್ಕದ ಕೋರ್ಟಿಗೆ ಹೋದರೆ ‘ಬಾಲ್!’ ಎಂದು ಕಿರುಚಿ, ಅವರ ಕಾಲಿಗೆ ಸಿಕ್ಕೀತು. ಆಟದ ಮಧ್ಯೆ ‘ಬಿಡು’, ‘ನಂದು’ ಕನ್ನಡದಲ್ಲೇ ಇರಲಿ, ಔಟ್ ಅನ್ನುವುದಕ್ಕಿಂತ ‘ಬಿಡು’ ಗೊಂದಲವಿಲ್ಲದ್ದು. ಪಾಯಿಂಟುಗಳ ನಡುವೆ ಕನ್ನಡದಲ್ಲಿ ಏನೋ ಹೇಳಿ ನಗುವುದು ಮಾತ್ರ ಬೇಡ, ಎದುರಿನವರಿಗೆ ತಮ್ಮನ್ನೇ ಆಡಿಕೊಂಡ ಹಾಗನ್ನಿಸುತ್ತದೆ. ಕೇಳದೆ ಯಾರಿಗೂ ಪಾಠ ಹೇಳಲೂ ಹೋಗಬೇಡಿ.

ಚೆಂಡುಗಳು ಅದಲುಬದಲಾಗುವುದು ದಿನನಿತ್ಯದ ಕತೆ, ಮಾರ್ಕರ್‌ನಲ್ಲಿ ಗುರುತು ಹಾಕಿ. ನನ್ನದರ ಮೇಲೆ ‘ಅ’ ಅಂತ ಬರೆದಿದ್ದೇನೆ. ತೆಲುಗಿನ ಗೆಳೆಯನೊಬ್ಬ ಮಾತ್ರ ಪ್ರತಿ ಶನಿವಾರ ಅದು ತಮ್ಮ ‘ಅ’ ಎಂದು ಜೇಬಿಗಿಳಿಸುತ್ತಾನೆ.